ವ್ಯಾನಕ್ಕನ ಸ್ಟೇರಿಂಗು

ಟೈಲರನ ಅಕ್ಕ ಬಹಳ ವರ್ಷ ಶಾಲೆಯ ವ್ಯಾನ್ ಓಡಿಸಿದವಳು. ಮಕ್ಕಳ ಬಾಯಲ್ಲಿ ವ್ಯಾನಕ್ಕ ಆದವಳು ಆಮೇಲೆ ಬೀದಿಗೆಲ್ಲ ವ್ಯಾನಕ್ಕನೇ ಆಗಿಬಿಟ್ಟಳು. ಒಂದು ದಿನ ಮೆಟ್ಟಿಲಿನಿಂದ ಜಾರಿ ಬಿದ್ದು ಭುಜ ಮುರಿದುಕೊಂಡಳು. ಮೂಳೆಯೇನೋ ಕೂಡಿತು, ತೋಳಿಗೆ ಮೊದಲಿನ ಕಸುವು ಬರಲಿಲ್ಲ. ಆ ಭಾರದ ಸ್ಟೇರಿಂಗು ತಿರುಗಿಸುವುದು ಇನ್ನು ತನ್ನಿಂದಾಗದು ಎಂದು ತಾನೇ ಕೀಲಿಕೈ ಒಪ್ಪಿಸಿ, ತಮ್ಮನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂತಳು. ಅಂಗಡಿಯಲ್ಲಿ ಮಾತಿಗೆ, ನಗುವಿಗೆ ಏನೂ ಕೊರತೆ ಇರಲಿಲ್ಲ. ಆದರೆ ಹೊರಗೆ ಯಾವುದಾದರೂ ಗಾಡಿ ಗೇರು ಬದಲಾಯಿಸಿದ ಸದ್ದಾದರೆ ಅವಳ ಕೈ ಗಳಿಗೆ ಹೊತ್ತು ನಿಲ್ಲುತ್ತಿತ್ತು. ತಮ್ಮ ಅದನ್ನು ನೋಡಿಯೂ ನೋಡದವನ ಹಾಗೆ ಕತ್ತರಿ ಆಡಿಸುತ್ತಿದ್ದ.

ಹಾಗಿದ್ದವನು ಒಮ್ಮೆ ಗುಜರಿಯಿಂದ ಹಳೇ ಕಾರೊಂದನ್ನು ಎಳೆಸಿಕೊಂಡು ಬಂದು ಹಿತ್ತಲ ತಗಡಿನ ಚಾವಣಿಯ ಕೆಳಗೆ ನಿಲ್ಲಿಸಿದ. ರಜೆಯ ದಿನವೆಲ್ಲ ಅದರಡಿಯಲ್ಲೇ ಅವನ ವಾಸ. ಬೀದಿ ಕೊನೆಯ ಮೆಕ್ಯಾನಿಕ್ಕನನ್ನು ಕೇಳಿ ಕೇಳಿ ಎಂಜಿನ್ನು ಎಬ್ಬಿಸಿದ, ಬ್ರೇಕು ಸರಿಮಾಡಿದ. ಕೊನೆಗೆ ಇನ್ನೊಂದು ಗುಜರಿ ಕಾರಿನ ಪವರ್ ಸ್ಟೇರಿಂಗು, ಅದರ ಪಂಪು, ಎಣ್ಣೆಯ ಪೈಪು ಎಲ್ಲ ಬಿಚ್ಚಿ ತಂದು ಇದಕ್ಕೆ ಕೂರಿಸಿದ. ಅವನ ಹೆಂಡತಿ ಬಂದವರೆದುರೆಲ್ಲ, "ಅಳತೆ ಟೇಪು ಕಾಣ್ತಿಲ್ಲ ಅಂದ್ರೆ ಈ ಮನೇಲಿ ಕಾರಿನ ಹೊಟ್ಟೆಗೆ ಕೈ ಹಾಕಬೇಕು," ಎನ್ನುತ್ತಿದ್ದಳು.

ಎಲ್ಲ ಆಯಿತು ಅನ್ನುವಾಗ ಎಣ್ಣೆ ಸೋರತೊಡಗಿತು. ಎಂಜಿನ್ ಚಾಲೂ ಮಾಡಿ ಸ್ಟೇರಿಂಗು ತಿರುಗಿಸಿದರೆ ಸಾಕು, ನೆಲದ ಮೇಲೆ ಕೆಂಪು ಎಣ್ಣೆ. ಸ್ಟೇರಿಂಗ್ ಪೆಟ್ಟಿಗೆಯ ಕೆಳಗಿನ ನಟ್ಟಿನಿಂದ ತೊಟ್ಟಿಕ್ಕುವುದು ಕಣ್ಣಿಗೇ ಕಾಣುತ್ತಿತ್ತು. ಅವನು ಅದನ್ನೇ ಬಿಗಿದ, ಮತ್ತೆ ಬಿಗಿದ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತೇ ಹೊರತು ಎಣ್ಣೆ ನಿಲ್ಲಲಿಲ್ಲ.

ಆ ದಾರಿಯಲ್ಲೇ ಹೊರಟಿದ್ದ ಮೆಕ್ಯಾನಿಕ್ಕು ಹಿತ್ತಲಿಗೆ ಬಂದು ಬಗ್ಗಿ ನೋಡಿದ. "ಮಾಸ್ಟ್ರೇ, ಅದನ್ನ ಹಿಂಸೆ ಮಾಡ್ಬೇಡಿ. ಎಣ್ಣೆ ಮೇಲಿಂದ ಇಳಿದು ಬಂದು ಅಲ್ಲಿ ತೊಟ್ಟಿಕ್ತಿರಬಹುದು. ಎಲ್ಲಾ ಒರೆಸಿ, ಏನಾದ್ರೂ ಪುಡಿ ಉದುರಿಸಿ. ಒಬ್ರು ಸ್ಟೇರಿಂಗು ತಿರುಗಿಸ್ಲಿ, ನೀವು ನೋಡ್ತಾ ಇರಿ."

ಪುಡಿಗೇನು ಬರ? ಬಟ್ಟೆಗೆ ಗೆರೆ ಎಳೆಯುವ ಸುಣ್ಣದ ಬಿಲ್ಲೆ ಅರೆದು ಪೆಟ್ಟಿಗೆಯ ಮೇಲೆಲ್ಲ ಉದುರಿಸಿದ. ಸ್ಟೇರಿಂಗು ತಿರುಗಿಸಲು ಜನ ಬೇಕಲ್ಲ? ಹೆಂಡತಿಗೆ ಕಾರಿನ ಗಂಧಗಾಳಿ ಇಲ್ಲ. ಅಕ್ಕನೋ, ಕಾರು ಬಂದ ದಿನವೇ, "ನಿನ್ನ ಆಟ ನಿನಗಿರಲಿ, ನನ್ನನ್ನ ಮಾತ್ರ ಅದರಲ್ಲಿ ಕೂರಿಸಬೇಡ," ಎಂದು ಖಡಾಖಂಡಿತ ಹೇಳಿದ್ದಳು. ಆದರೂ ಹೋಗಿ ನಿಂತ.

"ಅಕ್ಕಾ, ಓಡಿಸೋದು ಬೇಡ. ಕೂತು ಆ ಕಡೆ ಈ ಕಡೆ ತಿರುಗಿಸು, ಅಷ್ಟೇ."

ಅವಳು ಗೊಣಗುತ್ತಲೇ ಎದ್ದಳು. ಸೀಟಿನಲ್ಲಿ ಕೂತವಳು ಮೊದಲು ಕನ್ನಡಿ ಸರಿಮಾಡಿಕೊಂಡಳು. ಎಂಜಿನ್ ಚಾಲೂ ಆಯಿತು. ತಮ್ಮ ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು ಬಗ್ಗಿದ್ದ.

"ಲೋ, ಇದೇನೋ ಇಷ್ಟು ಹಗುರ?" ಒಳಗಿಂದ ದನಿ ಬಂತು. "ಒಂದೇ ಕೈಲಿ ತಿರುಗುತ್ತಲ್ಲೋ!"

ಅವನು ತಲೆ ಎತ್ತಲಿಲ್ಲ. "ನಿನ್ನ ಕೈಗೆ ಅಂತಲೇ ಹಾಕಿದ್ದು."



"ಅಷ್ಟು ಹೇಳೋಕೆ ನಿನ್ನ ಬಾಯಿಗೇನು ಬೀಗ ಹಾಕಿತ್ತಾ?"

"ಹೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ," ಎಂದು ಅವಳು ಒಪ್ಪಿಕೊಂಡು, ಮತ್ತೊಮ್ಮೆ ಈ ತುದಿಯಿಂದ ಆ ತುದಿಗೆ ತಿರುಗಿಸಿದಳು.

ಬಿಳಿ ಪುಡಿಯ ಮೇಲೆ ಆಗ ಒಂದು ಒದ್ದೆ ಗೆರೆ ಮೂಡಿತು. ಅವನು ಬಿಗಿದು ಬಿಗಿದು ಸೋತ ನಟ್ಟಿನಿಂದಲ್ಲ. ಮೇಲೆ ಪಂಪಿನ ಪೈಪು ಬಂದು ಸೇರುವ ಬೋಲ್ಟಿನಿಂದ ಎಣ್ಣೆ ಸಣ್ಣಗೆ ಜಿನುಗಿ, ಪೆಟ್ಟಿಗೆಯ ಬೆನ್ನಿನ ಮೇಲೆ ಹರಿದು ಕೆಳಗಿಳಿಯುತ್ತಿತ್ತು. ಎಂಜಿನ್ ಆರಿಸಿ, ಬಿಸಿ ಇಳಿದ ಮೇಲೆ ಬೋಲ್ಟು ಬಿಚ್ಚಿದ. ಪೈಪಿನ ಎರಡೂ ಮಗ್ಗುಲಿಗೆ ಕೂರುವ ತಾಮ್ರದ ವಾಷರುಗಳು ಗುಜರಿ ಕಾರಿನವೇ. ಒಮ್ಮೆ ಅದುಮಿಸಿಕೊಂಡು ಕಲ್ಲಾಗಿದ್ದವು. ಗಟ್ಟಿಯಾದದ್ದು ಕಚ್ಚಿ ಕೂರುವುದು ಹೇಗೆ?

ಮೆಕ್ಯಾನಿಕ್ಕನ ಹತ್ತಿರ ಆ ಅಳತೆಯ ಹೊಸವು ಇರಲಿಲ್ಲ. "ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತೆ. ಆಮೇಲೆ ಪಾಲಿಶ್ ಕಾಗದಕ್ಕೆ ಉಜ್ಜಿ," ಎಂದ. ಟೈಲರು ಅಡುಗೆಮನೆಗೆ ನುಗ್ಗಿ ಇಕ್ಕಳದಲ್ಲಿ ವಾಷರು ಹಿಡಿದು ಉರಿಯ ಮೇಲೆ ನಿಂತ.

"ಇದೊಂದು ಬಾಕಿ ಇತ್ತು," ಎಂದಳು ಹೆಂಡತಿ. "ಉಪ್ಪು ಖಾರ ಬೇಕೇನ್ರೀ ಅದಕ್ಕೆ?"

ವಾಷರುಗಳು ಒಂದೊಂದಾಗಿ ಚುಂಯ್ ಎಂದು ನೀರಿಗೆ ಬಿದ್ದವು. ಉಜ್ಜಿ ಕೂರಿಸಿದ, ಈ ಸಲ ಹದವಾಗಿ ಬಿಗಿದ, ಎಣ್ಣೆ ತುಂಬಿದ. ಒಳಗಿನ ಗಾಳಿ ಹೋಗಲಿ ಎಂದು ಅಕ್ಕ ನಿಧಾನವಾಗಿ ತಿರುಗಿಸುತ್ತ ಹೋದಳು. ಪಂಪಿನ ಎಣ್ಣೆ ಡಬ್ಬಿಯಲ್ಲಿ ನೊರೆ ಎದ್ದಿತು, ಇಳಿಯಿತು, ಎಣ್ಣೆ ತಿಳಿಯಾಯಿತು. ಕೆಳಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ರಾತ್ರಿ ಹಾಗೇ ಬಿಟ್ಟರು. ಬೆಳಿಗ್ಗೆಯೂ ಬಟ್ಟೆ ಬೆಳ್ಳಗೇ ಇತ್ತು.

ಅವತ್ತು ಅವಳನ್ನು ಯಾರೂ ಕರೆಯಲಿಲ್ಲ. ತಾನೇ ಬಂದು ಕೂತು, "ಗೇಟು ತೆಗಿ," ಎಂದಳು. ತಮ್ಮ ಪಕ್ಕದಲ್ಲಿ ಕೂತ. ಮೊದಲ ತಿರುವಿನಲ್ಲಿ ಅಭ್ಯಾಸಬಲದಿಂದ ಜೋರಾಗಿ ತಿರುಗಿಸಿದಳು. ಕಾರು ಪಕ್ಕದ ಕಾಂಪೌಂಡಿನ ಕಡೆಗೇ ಮುಖ ಮಾಡಿತು. ತಮ್ಮ ಕಣ್ಣು ಮುಚ್ಚಿಕೊಂಡ. ಅವಳು ನಕ್ಕು ಸರಿಮಾಡಿಕೊಂಡಳು. ಒಂದು ಸುತ್ತು ಮುಗಿಸಿ ಮನೆ ಮುಂದೆ ಅವನನ್ನು ಇಳಿಸಿ, "ನೀನಿದ್ರೆ ನನಗೆ ಭಯವಾಗುತ್ತೆ, ಹೋಗು," ಎಂದು ಒಬ್ಬಳೇ ಹೊರಟಳು.

ಈಗ ಹೊಲಿದ ಬಟ್ಟೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸುವುದು ಅವಳದೇ ಕೆಲಸ. ಈಗ ಬಂದೆ ಎಂದು ಹೋದವಳು ಬರುವಾಗ ಮಧ್ಯಾಹ್ನವಾಗಿರುತ್ತದೆ. ಗುಂಡಿಗಳು ಹಾಗೇ ಬಾಕಿ. ಟೈಲರು ಅವನ್ನೂ ತಾನೇ ಹೊಲಿದು ಮುಗಿಸುತ್ತಾನೆ.