ನಾನು ಒಳಗೆ ಹೋದರೆ ನಿಲ್ಲುವ ಸರ್ವರ್

ಭೋಜ ಊರಲ್ಲಿ ನಮ್ಮ ಸೋದರತ್ತಿಯ ಕಬ್ಬಿಗೆ ತುರಾಯಿ ಬಂದಿತ್ತು. ಹೂ ಬಿಟ್ಟ ಕಬ್ಬನ್ನು ಹಾಗೇ ನಿಲ್ಲಿಸಿಕೊಂಡರೆ ಒಳಗೊಳಗೇ ಬೆಂಡಾಗಿ ತೂಕ ಇಳಿಯುತ್ತದೆ. ಹಾಗಾಗಿ ಆವತ್ತು ಮುಂಜಾನೆ ಕಡಿಯುವ ಗ್ಯಾಂಗು ಅವಳ ಹೊಲಕ್ಕೆ ಬಂದಿಳಿದಾಗ, ಅವರ ಮುಖಂಡ ಮುಕಾದಮನಿಗೆ ಆರತಿ ಎತ್ತುವುದೊಂದು ಬಾಕಿ ಇತ್ತು. ಆದರೆ ಫ್ಯಾಕ್ಟರಿಯ ಕಟಾವಿನ ಚೀಟಿ ಬರದೆ ಯಾವ ಗ್ಯಾಂಗೂ ಕಬ್ಬಿಗೆ ಕೈ ಹಚ್ಚುವುದಿಲ್ಲ. ಚೀಟಿ ಹೊರಡಬೇಕಾದದ್ದು ಬೇಡಕಿಹಾಳದ ಕಡೆಗಿನ ಗಟ್ ಆಫೀಸಿನಿಂದ, ಅಂದರೆ ಸುತ್ತಲಿನ ಊರುಗಳ ಕಬ್ಬಿನ ಪಾಳಿ ನೋಡಿಕೊಳ್ಳುವ ಒಂದು ಸಣ್ಣ ಖೋಲಿಯಿಂದ. ಅಲ್ಲಿ ಚೀಟಿ ತೆಗೆಯುವ ಪ್ರೋಗ್ರಾಂ ಅವತ್ತೇ ಕೆಟ್ಟಿತ್ತು. ಅದನ್ನು ರಿಪೇರಿ ಮಾಡಬೇಕಾದ ಪ್ರಾಣಿ ಚಿಕ್ಕೋಡಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಚಾ ಹೀರುತ್ತ ಕುಳಿತಿತ್ತು. ಆ ಪ್ರಾಣಿ ನಾನೇ.

“ಗ್ಯಾಂಗ್ ಕುಂತೈತಿ,” ಅಂದಳು ಅತ್ತಿ ಫೋನಿನಲ್ಲಿ. “ಚಾ ಆತು, ಅವಲಕ್ಕಿ ಆತು. ಊಟಾ ಮಾಡಿಸಿ ಹಿಡದ ಇಡ್ತೀನಿ. ಆಮ್ಯಾಗ ಅವ್ರು ಕಾಗವಾಡ ಕಡೆ ಹ್ವಾದ್ರ ನಮ್ಮ ಪಾಳಿ ಮತ್ತ ಯಾವಾಗೋ ಏನೋ.”

ಕೂತಲ್ಲೇ ಮಾಡಿ ಕೊಡುತ್ತೇನೆ, ನೀ ಫೋನ್ ಇಡು ಅಂದೆ. ಕಿಸೆಯಿಂದ ಚೀಟಿ ತೆಗೆದು ಕೊಡುವವನ ದನಿಯಲ್ಲಿ ಅಂದೆ.

ಆ ಪ್ರೋಗ್ರಾಂ ಇರುವ ಆಫೀಸಿನ ಸರ್ವರ್ ನಿಜವಾದ ಸರ್ವರ್ ಅಲ್ಲ. ಇರುವುದು ಒಂದೇ ಕಂಪ್ಯೂಟರ್. ಅದರ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ಸೋಗು ಹಾಕಿಸಿದ್ದೇವೆ. ವರ್ಚುವಲ್ ಸರ್ವರ್ ಅನ್ನುತ್ತಾರೆ. ನಾನು ಊರ ಮಂದಿಯ ದನಿ ತೆಗೆದು ಅಣಕಿಸುವ ಹಾಗೆ ಅದೂ ಒಂದು ಅಣಕವೇ. ಫರಕು ಇಷ್ಟೇ, ಅದಕ್ಕೆ ಯಾರೂ ಬೈಯುವುದಿಲ್ಲ. ಚಿಕ್ಕೋಡಿಯಿಂದಲೇ ಇಂಟರ್ನೆಟ್ ಮೇಲೆ ಅದರೊಳಗೆ ಇಳಿದು ಕೆಲಸ ಮಾಡಿ ಬರುವುದು ನನ್ನ ರೂಢಿ.

ಇಳಿದೆ. ಪಾಸ್‌ವರ್ಡ್ ಕೊಟ್ಟೆ, ಪರದೆ ಬಂತು, ಮೌಸು ಒಂದು ಗೇಣು ಸರಿಯಿತು. ಅಷ್ಟೇ. ಗಡಿಯಾರದ ಸಮೇತ ಎಲ್ಲ ಕಲ್ಲಾಯಿತು. ಆಮೇಲೆ ಸಂಪರ್ಕವೂ ಹರಿಯಿತು.

ಗಟ್ ಆಫೀಸಿನಲ್ಲಿ ಕೂರುವ ಕಾಕಾನಿಗೆ ಫೋನ್ ಹಚ್ಚಿದೆ. ಕಾಕಾ ಈ ಹಂಗಾಮಿಗಷ್ಟೇ ಆ ಕುರ್ಚಿಗೆ ಬಂದವರು. ಅದಕ್ಕೂ ಮುಂಚೆ ಹೊಲದ ಪಂಪ್‌ಸೆಟ್ಟು, ಲೈನಿನ ಕೆಲಸ ಅಂತ ಓಡಾಡಿಕೊಂಡಿದ್ದರು. ಒಂದೊಂದು ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ, ಪಂಚಾಯ್ತಿಯ ಮೈಕು ಪರೀಕ್ಷೆ ಮಾಡುವ ಹಾಗೆ. ಸರ್ವರ್ ನಿಂತಿದೆಯಾ ಅಂತ ಕೇಳಿದೆ. ಖರ್ರ್ ಅಂದು, ಇಲ್ಲಪಾ ಚಲೋ ನಡದೈತಿ ಅಂದರು. ಮತ್ತೆ ಇಳಿದೆ. ಹೌದು, ನಡೆದಿತ್ತು. ನಾನು ಒಂದು ಕಿಟಕಿ ತೆಗೆಯುವಷ್ಟರಲ್ಲಿ ಮತ್ತೆ ಕಲ್ಲು.

ಹಿಂದಿನ ವಾರವಷ್ಟೇ ಒಂದು ಅಪ್‌ಡೇಟ್ ಹಾಕಿದ್ದೆ. ತಪ್ಪೆಲ್ಲ ಅದರದೇ ಅಂದುಕೊಂಡು ತೆಗೆದೆ. ತೆಗೆಯುವುದಕ್ಕೂ ನಡುನಡುವೆ ನಿಂತು ನಿಂತು ಜೀವ ತಿಂದಿತು. ಮೆಮೊರಿ ತೆರವು ಮಾಡಿದೆ, ಪರದೆಯ ಬಣ್ಣ ಇಳಿಸಿದೆ. ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿದೆ. ಕಾಕಾನ ಕಡೆಯಿಂದ ನೆಟ್ಟಿನ ಕೇಬಲ್ ಕಿತ್ತು ಮತ್ತೆ ಹಾಕಿಸಿದೆ. ಪ್ರತಿ ಸಲವೂ ಅದೇ ಆಟ: ಫೋನ್ ಮಾಡಿದರೆ ಜೀವಂತ, ಫೋನ್ ಇಟ್ಟು ಒಳಗೆ ಹೋದರೆ ಹೆಣ. ನನ್ನ ಮುಖ ಕಂಡರೆ ಸಾಯುವ ಯಂತ್ರ ಇದೊಂದೇ ಇರಬೇಕು ಅನ್ನಿಸಿತು. ಮನುಷ್ಯರಾದರೆ ಬೇಕಾದಷ್ಟು ಮಂದಿ ಇದ್ದಾರೆ.

ಅಂಗಡಿಯ ಸಾಹೇಬರು ಬೆನ್ನ ಹಿಂದೆ ಬಂದು ನಿಂತರು. ಅವರಿಗೆ ವರ್ಷದ ಹನ್ನೆರಡು ತಿಂಗಳೂ ನೆಗಡಿ, ‘ಮ’ ಅನ್ನಲು ಹೋದರೆ ‘ಬ’ ಬರುತ್ತದೆ. ರೀಸ್ಟಾರ್ಟ್ ಬಾಡಿಯೇಡ್ಲೇ ಅಂದರು. ಮಾಡೇನ್ರಿ ಅಂದೆ. ಬತ್ತೊಬ್ಬೆ ಬಾಡು ಅಂದು ಊಟಕ್ಕೆ ಹೋದರು.

ಅವರು ಮೆಟ್ಟಿಲು ಇಳಿದದ್ದೇ ನನಗೊಂದು ಉಪಾಯ ಹೊಳೆಯಿತು. ಕಾಕಾ ಅಲ್ಲಿ ಏನೋ ಮುಟ್ಟುತ್ತಿದ್ದಾರೆ ಅನ್ನುವ ಗುಮಾನಿ. ನನ್ನ ಮಾತಿಗೆ ತೂಕವಿಲ್ಲ, ಸಾಹೇಬರ ಮಾತಿಗೆ ಇದೆ. ಮೂಗು ಹಿಡಿದು ಸಾಹೇಬನಾಗಿ ಕಾಕಾನಿಗೆ ಫೋನ್ ಮಾಡಿ, ಯಾರೂ ಯಾವುದಕ್ಕೂ ಕೈ ಹಚ್ಚಬಾರದು ಅಂತ ಹುಕುಂ ಕೊಟ್ಟೆ. ಕಾಕಾ ಹೂಂರಿ, ಹೂಂರಿ ಅಂತ ಪೂರಾ ಕೇಳಿಸಿಕೊಂಡರು. ಕೊನೆಗೆ ಗಂಟಲು ಸರಿಮಾಡಿಕೊಂಡು, “ತಮ್ಮಾ, ಸಾಹೇಬ್ರ ನೆಗಡಿ ಇನ್ನೂ ದಪ್ಪ ಇರ್ತೈತಿ,” ಅಂದರು. “ಇಲ್ಲಿ ಎಲ್ಲಾ ಬಂದೋಬಸ್ತ್ ಐತಿ. ನೀ ನಿರಾಳ ಕೆಲಸಾ ಮಾಡು.”

ನಿರಾಳವಂತೆ. ಅತ್ತಿ ಮತ್ತೆ ಫೋನ್ ಮಾಡಿ, ಗ್ಯಾಂಗಿನವರು ಉಂಡು ಕೈ ತೊಳೆಯುತ್ತಿದ್ದಾರೆ ಅಂದಳು. ಈ ಸಲ ಬೈಯಲಿಲ್ಲ. ಅವಳು ಬೈಯದಿದ್ದರೆ ಕೆಲಸ ಕೆಟ್ಟಿದೆ ಅಂತಲೇ ಅರ್ಥ.

ಬೈಕ್ ಎತ್ತಿಕೊಂಡು ಹೊರಟೆ. ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೆ ಎರಡೆರಡು ಟ್ರಾಲಿ, ಮುಂದೆ ಹೋಗಗೊಡದ ಹಾಗೆ. ಬೇರೆಯವರ ಕಬ್ಬೆಲ್ಲ ಫ್ಯಾಕ್ಟರಿಗೆ ಹೊರಟಿದೆ, ನಮ್ಮದೊಂದು ಹೊಲದಲ್ಲಿ ತಲೆಯ ಮೇಲೆ ಹೂ ಮುಡಿದುಕೊಂಡು ನಿಂತಿದೆ ಅಂತ ಹಲ್ಲು ಕಡಿಯುತ್ತ ಅವುಗಳ ಬೆನ್ನಿಗೆ ಬಿದ್ದು ಹೋದೆ.

ಆಫೀಸಿನ ಬಾಗಿಲಲ್ಲಿ ಕಾಕಾನ ಬೆನ್ನು ಕಾಣಿಸಿತು. ಕಾಕಾ ಅಂತ ಕೂಗಬೇಕು ಅಂದವನು ಕೂಗಲಿಲ್ಲ. ಇಷ್ಟು ಹೊತ್ತು ನನ್ನನ್ನು ಕಾಡಿದ್ದು ಇಲ್ಲಿ ಹೇಗೆ ಕಾಣುತ್ತದೋ ಒಮ್ಮೆ ಕಣ್ಣಾರೆ ನೋಡಿಬಿಡೋಣ ಅನ್ನಿಸಿ, ಬಾಗಿಲಲ್ಲೇ ನಿಂತು ನನ್ನ ಮೊಬೈಲಿನಿಂದ ಸರ್ವರಿನೊಳಗೆ ಇಳಿದೆ. ಹೊರಗಿನಿಂದ ಯಾರಾದರೂ ಒಳಗೆ ಬಂದರೆ ಅಲ್ಲಿನ ಪರದೆಯಲ್ಲಿ ಸರ್ವರಿನ ಕಿಟಕಿ ತಾನಾಗಿ ಲಾಕ್ ಆಗುತ್ತದೆ. ಹಾಗೇ ಆಯಿತು. ಅದನ್ನು ಕಂಡದ್ದೇ ಕಾಕಾ ನೆಟ್ಟಗೆ ಕುಳಿತರು. ಮೌಸಿನ ಬಾಣವನ್ನು ಜೋಪಾನವಾಗಿ ಮೇಲೆ ಒಯ್ದು, ಎರಡು ನಿಂತ ಗೀಟಿನ ಗುಂಡಿ ಒತ್ತಿದರು. ಮೊಬೈಲಿನಲ್ಲಿ ಭಜನೆ ನಿಲ್ಲಿಸಲು ಒತ್ತುತ್ತಾರಲ್ಲ, ಅದೇ ಗುಂಡಿ. ನನ್ನ ಕೈಯಲ್ಲಿದ್ದ ಪರದೆ ಕಲ್ಲಾಯಿತು. ಕಾಕಾ ಎರಡೂ ಕೈ ಕಟ್ಟಿಕೊಂಡು ಅದನ್ನೇ ಕಾಯುತ್ತ ಕುಳಿತರು.

“ಕಾಕಾ, ಅದನ್ಯಾಕ ಒತ್ತಿದ್ರಿ?”

ತಿರುಗಿ ನೋಡಿದವರಿಗೆ ನಾನು ಅಲ್ಲಿದ್ದದ್ದಕ್ಕಿಂತ ನನ್ನ ಪ್ರಶ್ನೆಯೇ ಹೆಚ್ಚು ವಿಚಿತ್ರ ಅನ್ನಿಸಿರಬೇಕು. “ನೀ ಏರಿದಿ ಅಂತ ಗೊತ್ತಾತಲ್ಲ,” ಅಂದರು. “ಕಂಬದ ಮ್ಯಾಗ ಮನಷ್ಯಾ ಇದ್ದಾಗ ಲೈನ್ ಚಾಲೂ ಇಡ್ತಾರೇನೋ ತಮ್ಮಾ?”

ನಮ್ಮ ಕಡೆ ಲೈನ್‌ಮನ್ ಕಂಬ ಏರಿದರೆ ಟೀಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಒಬ್ಬ ಸ್ವಿಚ್ ಎಳೆದು ಕೂರಲೇಬೇಕು. ಯಾರು ಕರೆದರೂ ಏಳುವ ಹಾಗಿಲ್ಲ. ಮೇಲಿನವನು ಇಳಿದು ಹೇಳಿದ ಮೇಲೇ ಕರೆಂಟು ಕೊಡುವುದು. ಕಾಕಾ ವರ್ಷಗಟ್ಟಲೆ ಹಾಗೆ ಕೂತವರು. ನಾನು ಪ್ರತಿ ಸಲ ಫೋನ್ ಮಾಡಿದಾಗ ಕಂಬ ಇಳಿದೆ ಅಂತ ತಿಳಿದು ಚಾಲೂ ಮಾಡಿದ್ದಾರೆ, ಮತ್ತೆ ಏರಿದಾಗ ಮತ್ತೆ ಬಂದ್. ಇದು ಕರೆಂಟಿನ ಕೆಲಸ ಅಲ್ಲ ಕಾಕಾ ಅಂತ ಒದರಬೇಕು ಅಂದುಕೊಂಡೆ. ಒದರಿದೆ ಕೂಡ. ಅವರು ಸಿಟ್ಟಾಗಲಿಲ್ಲ.

“ಮುಂಜಾನಿಂದ ಊಟಕ್ಕೂ ಎದ್ದಿಲ್ಲ ನಾ,” ಅಂದರು. “ಎದ್ದಾಗ ಯಾರರ ಬಂದು ಒತ್ತಿಬಿಟ್ರ?”

ಮೇಜಿನ ಮೇಲೆ ಅವರ ರೊಟ್ಟಿಯ ಗಂಟು ಬಿಚ್ಚದೆ ಕೂತಿತ್ತು. ಅವರನ್ನು ಎಬ್ಬಿಸಿ ಉಣ್ಣಲು ಕಳಿಸಿ, ಅದೇ ಕುರ್ಚಿಯಲ್ಲಿ ಕೂತು ಪ್ರೋಗ್ರಾಂ ರಿಪೇರಿ ಮಾಡಿದೆ. ಚಾ ಆರುವುದರೊಳಗಿನ ಕೆಲಸ. ಚೀಟಿ ಹೊರಬಂದದ್ದೇ ಅದರ ಫೋಟೋ ಹೊಡೆದು ಅತ್ತಿಗೆ ಕಳಿಸಿದೆ.

ಅಷ್ಟರಲ್ಲಿ ಗ್ಯಾಂಗು ಗಂಟು ಕಟ್ಟಿ ಟ್ರ್ಯಾಕ್ಟರ್ ಏರಿಯಾಗಿತ್ತಂತೆ. ಅತ್ತಿ ದಾರಿಗೆ ಅಡ್ಡ ನಿಂತು ಫೋನ್ ತೋರಿಸಿದ್ದಾಳೆ. ಮುಕಾದಮ ಹೊತ್ತು ನೋಡಿ, ಆದಷ್ಟು ಕಡಿಯುತ್ತೇವೆ, ಉಳಿದದ್ದಕ್ಕೆ ನಿಲ್ಲುವುದಿಲ್ಲ, ನಾಳೆ ಬೇರೆ ಕಡೆ ಪಾಳಿ ಇದೆ ಅಂತ ಮರಾಠಿಯಲ್ಲಿ ಹೇಳಿ ಇಳಿದ. ಹೊತ್ತು ಮುಳುಗುವವರೆಗೆ ಅರ್ಧ ಹೊಲ ಬಯಲಾಯಿತು. ಇನ್ನರ್ಧ ನಿಂತಿತು.

ಅದನ್ನು ಕಡಿಯಲು ಇನ್ನೊಂದು ಗ್ಯಾಂಗ್ ಇನ್ನೂ ಬಂದಿಲ್ಲ. ಮೇಲಿನ ತುರಾಯಿ ದಿನದಿನಕ್ಕೆ ಬೆಳ್ಳಗಾಗುತ್ತಿದೆ. ಭೋಜದ ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ, ಇದ್ಯಾಕ ಬೇ ಅರ್ಧಾ ಬಿಟ್ಟೀರಿ ಅಂತ ಕೇಳುತ್ತಾರೆ. ಅತ್ತಿ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾಳೆ, ನಾನು ಪಕ್ಕದಲ್ಲೇ ನಿಂತಿದ್ದರೂ ಬಿಡುವುದಿಲ್ಲ.

“ನಮ್ಮ ಹುಡುಗಗ ಕರೆಂಟ್ ಹೊಡೀಬಾರದು ಅಂತ ಬಿಟ್ಟೀವ್ರಿ.”