ಕತ್ತರಿ ಅತ್ತೆ ಆರಿಸಿದ ಕಾರು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಚಿಕ್ಕವರಿಗೆ, ದೊಡ್ಡವರಿಗೆ, ಕೊನೆಗೆ ಅಂಚೆಯವನಿಗೂ ಅವಳು ಕತ್ತರಿ ಅತ್ತೆ. ಗಂಡ ಕಾರುಗಳ ಸೀಟು ಹೊಲಿಯುವ ಮೇಸ್ತ್ರಿ. ಮದುವೆಯಾದ ಹೊಸದರಲ್ಲಿ ಒಂದು ದಿನ ಊಟದ ಡಬ್ಬಿ ಕೊಡಲು ಅವನ ಶೆಡ್ಡಿಗೆ ಹೋಗಿದ್ದಳು. ಅವನು ರೆಕ್ಸಿನ್ ಕತ್ತರಿಸುವ ಚೆಂದ ನೋಡಿ ಹೊಟ್ಟೆ ಉರಿದುಹೋಯಿತು. ಅರ್ಧ ಬಟ್ಟೆ ಸೀಟಿಗೆ, ಅರ್ಧ ಕಸಕ್ಕೆ. ತಡೆಯಲಾರದೆ ಕತ್ತರಿ ಕಿತ್ತುಕೊಂಡಳು. ಕಿತ್ತುಕೊಂಡದ್ದನ್ನು ಮತ್ತೆ ಕೊಡಲೇ ಇಲ್ಲ. ಅಂದಿನಿಂದ ಅವಳು ಕತ್ತರಿಸುವುದು, ಅವನು ಹೊಲಿಯುವುದು. ಮಕ್ಕಳಾದವು, ದೊಡ್ಡವಾದವು, ಅವರವರ ಸಂಸಾರ ಅವರವರಿಗಾಯಿತು. ಶೆಡ್ಡು ಮಾತ್ರ ಇಬ್ಬರದೇ ಉಳಿಯಿತು.

ಹೀಗಿರುವಾಗ ಒಂದು ದಿನ ಫೋಮಿನ ಹಾಳೆ ಎತ್ತಿಕೊಂಡು ಬರುತ್ತಿದ್ದವಳಿಗೆ ಕಾಲ ಕೆಳಗಿನ ಹೊಸಿಲು ಕಾಣಲಿಲ್ಲ. ಬಿದ್ದಳು. ಸೊಂಟದ ಕೀಲು ಮುರಿಯಿತು. ಆಸ್ಪತ್ರೆಯಲ್ಲಿ ಕೊಯ್ದು ಸರಿ ಮಾಡಿದರು. ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: "ಎತ್ತರದಲ್ಲಿ ಕೂರಿ, ಎತ್ತರದಿಂದ ಏಳಿ. ತಗ್ಗಿನಲ್ಲಿ ಕೂತಿರೋ, ಮತ್ತೆ ನನ್ನ ಹತ್ತಿರವೇ ಬರ್ತೀರ."

ಮನೆಯೊಳಗೆ ಊರುಗೋಲು ಹಿಡಿದು ಓಡಾಡುವಷ್ಟು ಆದಳು. ಆದರೆ ಶೆಡ್ಡು ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಸೇತುವೆ ದಾಟಿ. ಬಸ್ಸಿನ ಮೆಟ್ಟಿಲು ಅವಳ ಪಾಲಿಗೆ ಬೆಟ್ಟ. ಗಂಡನ ಸ್ಕೂಟರಿನ ಮಾತೇ ಬೇಡ. ಮೇಸ್ತ್ರಿ ಒಂದೆರಡು ಸಲ ರೆಕ್ಸಿನ್ ಸುರುಳಿಯನ್ನು ಮನೆಗೇ ತಂದ. ಅದನ್ನು ಬಿಚ್ಚಲು ಮಂಚ ಎತ್ತಿ ಗೋಡೆಗೆ ನಿಲ್ಲಿಸಬೇಕಾಯಿತು. ಅದೂ ಅಲ್ಲದೆ, ಸೀಟಿನ ಹಳೆಯ ಮೈ ಎದುರಿಗಿದ್ದು, ಅದನ್ನು ಕೈಯಿಂದ ಒತ್ತಿ ನೋಡದೆ ಅವಳಿಗೆ ಕತ್ತರಿ ಓಡುತ್ತಿರಲಿಲ್ಲ. ಕೊನೆಗೆ ಅವನೇ ಕತ್ತರಿಸಲು ಶುರು ಮಾಡಿದ. ಸಂಜೆ ಮನೆಗೆ ಬಂದರೆ ಮುಖ ಗಂಟು. ಯಾವ ಗಿರಾಕಿ ಏನು ಅಂದ ಎಂದು ಕೇಳಬೇಕಾಗಿಯೇ ಇರಲಿಲ್ಲ.

ಅವಳಿಗೆ ಮನೆ ಬೇಸರವಾಗಿತ್ತು ಎಂದರೆ ಸಾಲದು. ಕೈ ಕಟ್ಟಿಹಾಕಿದ ಹಾಗಾಗಿತ್ತು. ಕಿಟಕಿಯ ಪರದೆ ನೋಡಿದರೂ ಎಲ್ಲಿ ಕತ್ತರಿಸಬೇಕು ಎಂದೇ ಕಣ್ಣು ಹೋಗುತ್ತಿತ್ತು.

"ಒಂದು ಹಳೇ ಕಾರು ತಗೊಂಡುಬಿಡೋಣ" ಎಂದ ಮೇಸ್ತ್ರಿ ಒಂದು ದಿನ. ಗಿರಾಕಿಗಳ ಕಾರುಗಳನ್ನು ಶೆಡ್ಡಿನ ಒಳಗೆ ಹೊರಗೆ ಮಾಡಿ ಮಾಡಿ ಅವನಿಗೆ ಓಡಿಸಲು ಚೆನ್ನಾಗಿಯೇ ಬರುತ್ತಿತ್ತು. "ಬೆಳಿಗ್ಗೆ ಕರ್ಕೊಂಡು ಹೋಗ್ತೀನಿ, ಸಂಜೆ ಕರ್ಕೊಂಡು ಬರ್ತೀನಿ. ಏನಂತೀಯ?"

"ನಾನೇ ಹತ್ತಿ ನಾನೇ ಇಳಿಯೋ ಹಾಗಿದ್ರೆ ಮಾತ್ರ ಬರ್ತೀನಿ. ಮೂಟೆ ಥರ ನನ್ನ ಎತ್ತಿ ಇಳಿಸೋದಾದ್ರೆ ಮನೇಲೇ ಇರ್ತೀನಿ" ಎಂದಳು ಅವಳು.

ಅವಳ ತಮ್ಮ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನನ್ನೂ ಕರೆದುಕೊಂಡು ಮೂವರೂ ಬಾಡಿಗೆ ಕಾರು ಮಾಡಿ, ಹಳೆಯ ಗಾಡಿ ಮಾರುವ ಬಯಲಿಗೆ ಹೊರಟರು. ಬಾಡಿಗೆ ಕಾರಿಗೆ ಅವಳನ್ನು ಹತ್ತಿಸುವುದರಲ್ಲೇ ಇಬ್ಬರ ಬೆವರೂ ಇಳಿಯಿತು.

ಬಯಲಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಮೈಯೆಲ್ಲ ತೊಳೆದು, ಚಕ್ರಕ್ಕೆ ಕಪ್ಪು ಹಚ್ಚಿ, ಹೆಣ್ಣು ನೋಡಲು ಬಂದವರ ಮುಂದೆ ನಿಲ್ಲಿಸಿದ ಹಾಗೆ. ದಲ್ಲಾಳಿ ಓಡಿ ಬಂದ.

"ಬನ್ನಿ ಯಜಮಾನ್ರೇ, ಜೀಪ್ ನೋಡಿ. ಗುಡ್ಡ ಹತ್ತುತ್ತೆ, ಹಳ್ಳ ದಾಟುತ್ತೆ."

"ಗಾಡಿ ಗುಡ್ಡ ಹತ್ತುತ್ತಪ್ಪಾ. ಮೊದಲು ನಾನು ಗಾಡಿ ಹತ್ತಬೇಕಲ್ಲ!" ಎಂದಳು ಕತ್ತರಿ ಅತ್ತೆ. ಜೀಪಿನ ಸೀಟು ಅವಳ ಎದೆಮಟ್ಟಕ್ಕಿತ್ತು.

ಆಮೇಲೆ ವ್ಯಾನು. ಸರಿಯುವ ಬಾಗಿಲು, ಒಳಗೆ ಮದುವೆ ಮನೆಯಷ್ಟು ಜಾಗ. ಆದರೆ ಒಳಗೆ ಹೋಗಲು ಒಂದು ಕಾಲನ್ನು ಎತ್ತರಕ್ಕೆ ಇಟ್ಟು, ಮೈ ಬಗ್ಗಿಸಿ, ಇನ್ನೊಂದು ಕಾಲು ಎಳೆದುಕೊಳ್ಳಬೇಕು. ಮುರಿದ ಸೊಂಟಕ್ಕೆ ಈ ಮೂರೂ ಆಗದ ಕೆಲಸ. ತಮ್ಮ ಅಷ್ಟರಲ್ಲಿ ವ್ಯಾನಿನ ಕೆಳಗೆ ನುಸುಳಿ ಬೆರಳಲ್ಲಿ ಕುಟ್ಟಿ ನೋಡುತ್ತಿದ್ದ. "ಅಕ್ಕಾ, ಕೆಳಗೆಲ್ಲ ತುಕ್ಕು. ಪೇಂಟ್ ಒಂದೇ ಇದನ್ನ ಹಿಡ್ಕೊಂಡಿರೋದು" ಎಂದು ಅಲ್ಲಿಂದಲೇ ಕೂಗಿದ. ದಲ್ಲಾಳಿಯ ಮುಖ ಸಣ್ಣದಾಯಿತು.

ಅಂದು ಬರಿಗೈಯಲ್ಲಿ ಬಂದರು. ಅವಳು ಸುಮ್ಮನೆ ಕೂರುವ ಜಾತಿಯಲ್ಲ. ಅಡುಗೆಮನೆಯಲ್ಲಿ ಒಂದು ಸ್ಟೂಲಿತ್ತು. ಅದರಿಂದ ಯಾರ ಸಹಾಯವೂ ಇಲ್ಲದೆ ಏಳುತ್ತಿದ್ದಳು. ಊರುಗೋಲನ್ನು ಅದರ ಪಕ್ಕ ನಿಲ್ಲಿಸಿ, ಸ್ಟೂಲಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು.

"ಇದೇನೇ ಹೊಸ ಮಾಟ?" ಎಂದ ಗಂಡ.

"ಅಳತೆ ಇಲ್ಲದೆ ಒಂದು ದಿಂಬಿನ ಚೀಲಾನೂ ಕತ್ತರಿಸಿದವಳಲ್ಲ ನಾನು. ಕಾರು ತಗೋತೀನಾ?"

ಮುಂದಿನ ಸಲ ಹೋದಾಗ ಪ್ರತಿ ಕಾರಿನ ಬಾಗಿಲು ತೆಗೆಸಿ, ಮೊದಲು ಸೀಟನ್ನು ಅಂಗೈಯಿಂದ ಬಲವಾಗಿ ಒತ್ತುವುದು, ಒತ್ತಿದ ಮಟ್ಟಕ್ಕೆ ಕೋಲು ಹಿಡಿದು ಗೆರೆ ನೋಡುವುದು. ಫೋಮು ಒಳ್ಳೆಯ ನಟ, ಯಾರೂ ಕೂರದಿರುವಾಗ ಎದೆ ಉಬ್ಬಿಸಿರುತ್ತದೆ ಎಂದು ಅವಳಿಗೆ ಗೊತ್ತು. ಒಂದು ಸಣ್ಣ ಕಾರು ಹೆಚ್ಚು ಕಡಿಮೆ ಗೆರೆಯ ಹತ್ತಿರ ಬಂತು. "ಸ್ವಲ್ಪವೇ ಓಡಿದೆ ಅಮ್ಮಾ, ಮೀಟರ್ ನೋಡಿ" ಎಂದ ದಲ್ಲಾಳಿ. ಮೇಸ್ತ್ರಿ ಡ್ರೈವರ್ ಸೀಟಿನಲ್ಲಿ ಕೂತು, ಎದ್ದು, ಮತ್ತೆ ಕೂತ.

"ಮೀಟರ್ ಸ್ವಲ್ಪ ಓಡಿದೆ, ಸರಿ. ಈ ಸೀಟು ಮಾತ್ರ ಒಂದೇ ಕಡೆ ಕುಸಿದುಹೋಗಿದೆಯಲ್ಲಯ್ಯಾ? ಕಾರು ನಿಂತಿತ್ತು, ಸೀಟು ಒಂದೇ ಓಡಾಡ್ಕೊಂಡು ಬಂತೇನು?"

ತಮ್ಮ ಗಹಗಹಿಸಿದ. ಆ ಕಾರೂ ಹೋಯಿತು.

ಆಗ ಮೇಸ್ತ್ರಿಯ ಕಣ್ಣಿಗೆ ಬಿತ್ತು ಆ ಉದ್ದನೆಯ ಕಾರು. ಹಿಂದೆ ಪೆಟ್ಟಿಗೆಯಂಥ ಡಿಕ್ಕಿ, ಮುಂದೆ ನೀಳ ಮೂಗು, ಹಳೆಯದಾದರೂ ಗತ್ತು ಹೋಗಿಲ್ಲ. ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟ.

"ಲೇ, ಬಾ ಇಲ್ಲಿ. ಬೇಗ ಬಾ!"

ಕೆಂಪು ದಾಳಿಂಬೆ ಬಣ್ಣದ ಸೀಟು. ಉದ್ದಕ್ಕೂ ಚೌಕ ಚೌಕವಾಗಿ ಹೊಲಿಗೆ, ಅಂಚಿಗೆ ಕಪ್ಪು ದಾರ. ಅವಳು ಕತ್ತರಿಸಿದ್ದು, ಅವನು ಹೊಲಿದದ್ದು. ಹಿರಿಯ ಮಗಳು ಹೊಟ್ಟೆಯಲ್ಲಿದ್ದಾಗ ಮಾಡಿದ ಕೆಲಸ. ಆ ಕಾರಿನ ಒಡೆಯ ಶೆಡ್ಡಿನಲ್ಲೇ ಕುರ್ಚಿ ಹಾಕಿಕೊಂಡು ಕೂತು, "ಕೂತ್ರೆ ಮುಳುಗಿಹೋಗಬೇಕು, ಹಾಗೆ ಮಾಡಿ" ಎಂದು ಮಾಡಿಸಿಕೊಂಡಿದ್ದ. ಇಷ್ಟು ವರ್ಷವಾದರೂ ಒಂದು ಹೊಲಿಗೆ ಬಿಟ್ಟಿರಲಿಲ್ಲ. ಅವಳು ಚೌಕಗಳ ಮೇಲೆ ಕೈಯಾಡಿಸಿದಳು. ಮೂಲೆಯಲ್ಲಿ ಬಟ್ಟೆ ಸಾಲದೆ ಬಂದು, ಗೊತ್ತಾಗದ ಹಾಗೆ ಸೇರಿಸಿದ್ದ ಪಟ್ಟಿಯೂ ಅಲ್ಲೇ ಇತ್ತು.

ಕೋಲು ನಿಲ್ಲಿಸಿ ನೋಡಿದಳು. ಸೀಟು ಗೆರೆಗಿಂತ ಒಂದು ಗೇಣು ಕೆಳಗಿತ್ತು. ನೋಡಿಯೂ ನೋಡದವಳ ಹಾಗೆ ಕೂತಳು.

ಕೂತದ್ದೇನೋ ಆಯಿತು. ಎಂಥ ಸುಖ! ಏಳಲು ಹೋದರೆ ನೆಲ ಎಲ್ಲೋ ಇದೆ, ಸೊಂಟ ಇನ್ನೆಲ್ಲೋ ಇದೆ. ಕೋಲು ಊರಿದಳು, ಬಾಗಿಲು ಹಿಡಿದಳು, ಹಲ್ಲು ಕಚ್ಚಿದಳು. ಆಗಲಿಲ್ಲ. ಗಂಡ ಕಂಕುಳಿಗೆ ಕೈ ಹಾಕಿದ, ತಮ್ಮ ಇನ್ನೊಂದು ಕಡೆ ಹಿಡಿದ. ಬಯಲಿನಲ್ಲಿ ಗಾಡಿ ನೋಡಲು ಬಂದವರೆಲ್ಲ ಗಾಡಿ ಬಿಟ್ಟು ಅವಳನ್ನೇ ನೋಡಿದರು. ಮೇಲೆದ್ದಾಗ ನೋವಿಗಿಂತ ಹೆಚ್ಚಾಗಿ ನಾಚಿಕೆಯಿಂದ ಅವಳ ಕಣ್ಣು ತುಂಬಿತ್ತು.

"ಮನೆಗೆ ನಡೀರಿ" ಎಂದಳು, ಅಷ್ಟೇ.

ಮೇಸ್ತ್ರಿಗೆ ಮಾತ್ರ ಆ ಕಾರಿನ ಹುಚ್ಚು ಹಿಡಿದುಬಿಟ್ಟಿತು. ಅವಳಿಗೆ ಹೇಳದೆ ದಲ್ಲಾಳಿಗೆ ಮಾತು ಕೊಟ್ಟು, ಒಂದು ದಿನ ಓಡಿಸಿ ನೋಡುತ್ತೇನೆಂದು ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿದ. ಸೀಟಿನ ಮೇಲೆ ದಪ್ಪ ಫೋಮಿನ ತುಂಡು ಇಟ್ಟಿದ್ದ. ತಮ್ಮನೂ ಜೊತೆಗೆ ಬಂದಿದ್ದ.

"ಈಗ ಕೂತು ನೋಡು. ನಿನ್ನ ಗೆರೆಗೆ ಸರಿಯಾಗಿ ಎತ್ತರಿಸಿದೀನಿ."

ಕೂತಳು. ಗೆರೆ ಸರಿಹೋಯಿತು. ತುರುಬು ಮಾತ್ರ ಚಾವಣಿಗೆ ತಗುಲಿ, ಗದ್ದ ಎದೆಗೆ ಅಂಟಿತು. ಹಾಗೇ ನೆಲ ನೋಡುತ್ತ ಕೇಳಿದಳು: "ಹೀಗೇ ಸೇತುವೆ ದಾಟಬೇಕಾ ನಾನು, ಏನೋ ತಪ್ಪು ಮಾಡಿದವಳ ಥರ?"

"ಭಾವ, ಚಾವಣಿಗೆ ಒಂದು ತೂತು ಹೊಡೆಸಿಬಿಡಿ" ಎಂದ ತಮ್ಮ.

"ನೀನು ಸುಮ್ಮನಿರಯ್ಯ" ಎಂದು ಮೇಸ್ತ್ರಿ ರೇಗಿದ. ಆಮೇಲೆ ಅವಳ ಕಡೆ ತಿರುಗಿ, "ನಾನಿಲ್ವಾ? ಬೆಳಿಗ್ಗೆ ನಾನೇ ಕೂರಿಸ್ತೀನಿ, ಸಂಜೆ ನಾನೇ ಇಳಿಸ್ತೀನಿ. ಇಷ್ಟು ಚೆಂದದ ಕೆಲಸ, ಬೇರೆ ಯಾರ ಪಾಲಿಗೋ ಹೋಗಬೇಕಾ?"

ಅವಳು ತಲೆ ಬಗ್ಗಿಸಿಕೊಂಡೇ ಹೇಳಿದಳು. "ಕೆಲಸ ಚೆಂದವಾಗಿದೆ ರೀ. ನನಗೂ ಆಸೆ ಆಯ್ತು, ಅದಕ್ಕೇ ಅವತ್ತು ಗೆರೆ ನೋಡಿಯೂ ಕೂತೆ. ಆದ್ರೆ ನಿಮಗೆ ಒಂದು ದಿನ ಜ್ವರ ಬಂದ್ರೆ ನಾನು ಮನೇಲಿ. ನಿಮ್ಮ ಬೆನ್ನು ಹಿಡ್ಕೊಂಡ್ರೆ ನಾನು ಮನೇಲಿ. ಶೆಡ್ಡಿಗೆ ಹೋಗ್ತೀನೋ ಇಲ್ವೋ ಅನ್ನೋದು ನಿಮ್ಮ ತೋಳಿನ ಮೇಲೆ ನಿಂತಿರೋದು ನನಗೆ ಬೇಡ."

ಅವನು ಸೀಟಿನ ಅಂಚಿನ ಕಪ್ಪು ದಾರವನ್ನು ಒಮ್ಮೆ ಸವರಿದ. ಅವಳು ಇಳಿದ ಮೇಲೆ ಫೋಮು ತೆಗೆದು ಹೆಗಲಿಗೆ ಹಾಕಿಕೊಂಡ. "ನಡೆ, ಇದನ್ನ ವಾಪಸ್ ಬಿಟ್ಟು ಬರೋಣ. ನೀನೂ ನಿನ್ನ ತಮ್ಮನ ಜೊತೆ ಬಾಡಿಗೆ ಕಾರಲ್ಲಿ ಬಾ. ಉಳಿದ ಗಾಡಿಗಳನ್ನ ನೀನೇ ಅಳೆದು ನೋಡು."

ಬಯಲಿನಲ್ಲಿ ಅವನು ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳಲು ದಲ್ಲಾಳಿಯ ಮುಂದೆ ತಡವರಿಸುತ್ತಿರುವಾಗ, ಅವಳು ಕೋಲೂರಿಕೊಂಡು ಸಾಲಿನ ಹಿಂದಕ್ಕೆ ಹೋದಳು. ಅಲ್ಲಿ ಯಾರಿಗೂ ತೋರಿಸದೆ ನಿಲ್ಲಿಸಿದ್ದ ಒಂದು ಕಾರಿತ್ತು. ಡಬ್ಬ ನಿಲ್ಲಿಸಿದ ಹಾಗೆ ಎತ್ತರದ ಮೈ, ಮಂಕು ಬಣ್ಣ, ಒಂದು ಕಡೆ ಬಾಗಿಲಿಗೆ ತಗ್ಗು. ಬಾಗಿಲು ತೆಗೆದರೆ ಸೀಟೆಲ್ಲ ಹರಿದು ಫೋಮು ಹೊರಗೆ ಬಂದಿತ್ತು, ತುಂಬ ನಾಯಿಯ ಕೂದಲು. ಅಂಗೈಯಿಂದ ಒತ್ತಿದಳು. ಕೋಲು ನಿಲ್ಲಿಸಿದಳು. ಸೀಟು ಗೆರೆಗೆ ಸರಿಯಾಗಿ ಬಂತು. ಬೆನ್ನು ತಿರುಗಿಸಿ ಕೂತಳು, ಕಾಲು ಒಂದೊಂದಾಗಿ ಒಳಗೆ ತಂದಳು, ಮತ್ತೆ ಹೊರಗೆ ಇಟ್ಟಳು, ಎದ್ದಳು. ನಂಬಲಾಗದೆ ಇನ್ನೊಮ್ಮೆ ಕೂತು ಎದ್ದಳು.

"ಅಯ್ಯೋ ಅಮ್ಮಾ, ಅದು ನಾಯಿ ಡಾಕ್ಟರ್ ಗಾಡಿ" ಎಂದು ದಲ್ಲಾಳಿ ಓಡಿ ಬಂದ. "ಅವ್ರು ನಾಯಿಗಳನ್ನ ಅದರಲ್ಲೇ ಕರ್ಕೊಂಡು ಓಡಾಡ್ತಿದ್ರು. ಬೇರೆ ತೋರಿಸ್ತೀನಿ."

ಮೇಸ್ತ್ರಿ ಒಳಗೆ ಇಣುಕಿ ಮೂಗು ಮುಚ್ಚಿಕೊಂಡ. "ಥೂ! ಇದನ್ನ ಸೀಟು ಅಂತಾರಾ?"

ತಮ್ಮ ಮಾತ್ರ ಮೊದಲು ಬಾನೆಟ್ ಮೇಲೆ ಕೈಯಿಟ್ಟ. ತಣ್ಣಗಿತ್ತು. ಯಾರೂ ಮೊದಲೇ ಬಿಸಿ ಮಾಡಿ ಇಟ್ಟಿರಲಿಲ್ಲ. ಚಾವಿ ತಿರುಗಿಸಿದರೆ ಒಂದೇ ಸಲಕ್ಕೆ ಎದ್ದಿತು. ಹಿಂದೆ ಹೋಗಿ ಹೊಗೆ ನೋಡಿದ, ಕೆಳಗೆ ಮಲಗಿ ತುಕ್ಕು ನೋಡಿದ, ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ, ಚಕ್ರಗಳು ಒಂದೇ ಸಮ ಸವೆದಿವೆಯೇ ಎಂದು ಬೆರಳಾಡಿಸಿದ. ಬಯಲು ಸುತ್ತಿ ಬಂದು ಗಕ್ಕನೆ ಬ್ರೇಕ್ ಹಾಕಿ ನೋಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ಬಂದ.

"ಭಾವ, ಯಾವ ಹೊತ್ತಲ್ಲಿ ಕರೆ ಬಂದ್ರೂ ಹೊರಡಬೇಕಾದವರ ಗಾಡಿ ಇದು. ಎಂಜಿನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದಾರೆ. ಒಳಗಿಂದು ನಾಯಿಗಳಿಗೆ ಬಿಟ್ಟಿದಾರೆ, ಅಷ್ಟೇ. ಸೀಟು ಹೊಲಿಯೋರು ಬೇಕಾದ್ರೆ ನನಗೆ ಒಬ್ಬರು ಗೊತ್ತು, ಸ್ವಲ್ಪ ಸಿಡುಕು."

ಮೇಸ್ತ್ರಿಗೆ ನಗು ಬಂದುಬಿಟ್ಟಿತು.

ಮುಂದಿನ ಸೋಮವಾರ ಕತ್ತರಿ ಅತ್ತೆ ಆ ನಾಯಿ ಡಾಕ್ಟರ ಕಾರಿನಲ್ಲೇ ಶೆಡ್ಡಿಗೆ ಬಂದಳು. ಸೀಟಿನ ಮೇಲೆ ಹಳೆಯ ಜಮಖಾನ ಹಾಸಿತ್ತು. ಕಾರು ನಿಂತ ಕೂಡಲೇ ಮೇಸ್ತ್ರಿ ಸುತ್ತು ಹಾಕಿ ಓಡಿ ಬಂದು ಕೈ ಚಾಚಿದ. "ಆ ಕೈಲಿ ಬಾಗಿಲು ಹಿಡ್ಕೊಳ್ಳಿ, ಸಾಕು" ಎಂದು ಅವಳೇ ಇಳಿದು ಒಳಗೆ ಹೋದಳು. ಮೇಜಿನ ಕೆಳಗೆ ಅವನು ಹಾಳುಮಾಡಿದ ರೆಕ್ಸಿನ್ ತುಂಡುಗಳ ರಾಶಿಯೇ ಇತ್ತು.

"ಇದೇನ್ರೀ ಇದು? ಆನೆಗೆ ಅಂಗಿ ಹೊಲಿಯೋಕೆ ಹೋಗಿದ್ರಾ?"

"ಬಂದ ತಕ್ಷಣ ಶುರುವಾಯ್ತು" ಎಂದು ಗೊಣಗಿದ ಅವನು. ಮುಖ ಮಾತ್ರ ಅರಳಿತ್ತು. ನಮ್ಮ ಕಾರಿನ ಸೀಟನ್ನೇ ಮೊದಲು ಮಾಡಿಬಿಡೋಣ ಎಂದ. ಗಿರಾಕಿಗಳದು ಮುಗಿಯದೆ ನಮ್ಮದಕ್ಕೆ ಕತ್ತರಿ ಹಾಕುವುದಿಲ್ಲ ಎಂದಳು ಅವಳು.

ಹೀಗಾಗಿ ಆ ಕಾರು ಎಷ್ಟೋ ದಿನ ಹರಕು ಸೀಟಿನಲ್ಲೇ ಶೆಡ್ಡಿನ ಮುಂದೆ ನಿಂತಿತ್ತು. ಬಂದ ಗಿರಾಕಿಗಳು ಇಣುಕಿ, "ಯಾರದು ಮೇಸ್ತ್ರಿ ಈ ಗಾಡಿ? ನಾಯಿ ಕಚ್ಚಿ ಹಾಕಿದ ಹಾಗಿದೆ" ಎಂದು ಕೇಳುತ್ತಿದ್ದರು. "ಯಾರೋ ಹೊಲಿಯೋಕೆ ಬಿಟ್ಟು ಹೋಗಿದಾರೆ" ಎನ್ನುತ್ತಿದ್ದ ಮೇಸ್ತ್ರಿ, ಮುಖ ಮೇಲೆತ್ತದೆ. ಒಳಗೆ ಕತ್ತರಿ ಅತ್ತೆಗೆ ಎಲ್ಲ ಕೇಳಿಸುತ್ತಿತ್ತು. ಸಂಜೆ ಕೆಲಸ ಮುಗಿದ ಮೇಲೆ, ಗಿರಾಕಿ ಇನ್ನೂ ಅಲ್ಲೇ ನಿಂತಿರುವಾಗಲೇ ಹೊರಗೆ ಬಂದು, ತಾನೇ ಬಾಗಿಲು ತೆಗೆದು, ತಾನೇ ಕೂತು, ಕಾಲೆರಡನ್ನೂ ಒಳಗೆ ತಂದುಕೊಂಡು ಹೇಳುತ್ತಿದ್ದಳು: "ರೀ, ಹೊರಡೋಣವಾ?"