ಎಮ್ಮೆಯ ಕಜ್ಜಿ, ಸೊಸೆಯ ಚಾಪೆ

“ಎಮ್ಮೆ ನೋಡಪ್ಪ, ಸಾಕು. ಅವಳ ಹತ್ರ ಹೋಗ್ಬೇಡ, ಕುಷ್ಠ,” ಎಂದರು ಸಾದಲಿ ಹಳ್ಳಿಯ ಒಬ್ಬ ಅಜ್ಜಿ. ಕೊಟ್ಟಿಗೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದವಳು ಅವರ ಸೊಸೆ. ಮನೆಯೊಳಗೆ ಅವಳ ಕೂಸು ಅಳುತ್ತಿತ್ತು.

ಅರವತ್ತರ ದಶಕದ ಮಾತು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ದನದ ಡಾಕ್ಟರು, ನಮ್ಮ ವಂಶದಲ್ಲೇ ಮೊದಲ ಪದವೀಧರ. ಸೊಸೆಯ ಬಲಗೆನ್ನೆ, ಮುಂಗೈ ತುಂಬ ಕೆಂಪು ಗುಳ್ಳೆ.

“ಹಾಲು ಕರೆಯೋವಾಗ ತಲೆ ಎಲ್ಲಿ ಆನಿಸ್ತಿದ್ದೆಯಮ್ಮ?” ಎಂದೆ.

ಅವಳು ಎಮ್ಮೆಯ ಪಕ್ಕೆ ತೋರಿಸಿದಳು. ಅಲ್ಲೇ ಕೂದಲು ಉದುರಿ ಚರ್ಮ ಒರಟಾಗಿತ್ತು. ಅದನ್ನು ಕೆರೆದು ತಂದು ದವಾಖಾನೆಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಜ್ಜಿಹುಳು ಹರಿದಾಡುತ್ತಿತ್ತು. ಸೊಸೆಯನ್ನು ಶಿಡ್ಲಘಟ್ಟದ ಆಸ್ಪತ್ರೆಗೆ ಕಳಿಸಿದೆ. ಕುಷ್ಠವಲ್ಲ, ಎಮ್ಮೆಯಿಂದ ಅಂಟಿದ ಕಜ್ಜಿ ಎಂದು ಅಲ್ಲಿಯ ಡಾಕ್ಟರೂ ಹೇಳಿದರು. ಎಮ್ಮೆಯ ಪಕ್ಕದಲ್ಲೇ ಮಲಗಿಸಿದ್ದರಿಂದ ಅದು ವಾಸಿಯಾಗಿರಲಿಲ್ಲ.

“ಮಗೂನ ಎತ್ಕೋಬಹುದಾ ಸ್ವಾಮಿ?” ಎಂದು ಮನೆಗೆ ಮರಳಿದ ಸೊಸೆ ನನ್ನನ್ನು ಕೇಳಿದಳು.

“ಮದ್ದು ಹಚ್ಚಿ ಗುಣವಾಗ್ಲಿ ಕಣಮ್ಮ, ಆಮೇಲೆ ಇಳಿಸ್ಲೇಬೇಡ.”

ಅಜ್ಜಿ ಒಳಗೆ ಹೋಗಿ ತೊಟ್ಟಿಲು ಕಾಣುವಂತೆ ಸೊಸೆಗೆ ಬೇರೆ ಚಾಪೆ ಹಾಸಿದರು.

ಅಂದಿನಿಂದ ಯಾರ ಮನೆಯ ದನ ನೋಡಲು ಹೋದರೂ ಹಾಲು ಕರೆಯುವವರನ್ನು ಕರೆದು ಅವರ ಕೈಯನ್ನೇ ಮೊದಲು ನೋಡುತ್ತಿದ್ದೆ.